ಹೆಚ್ಚಿಗೆ ಕೊಯ್ದ ಬಿಲ್ಲೆ

ಸಿದ್ದರಾಜು ಸ್ಟೂಲಿನ ಮೇಲೆ ನಿಂತು ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ. ಕೆಳಗಿನಿಂದ ಮಗಳು ತನುಶ್ರೀ ಒಂದೊಂದೇ ಮರದ ಬಿಲ್ಲೆಯನ್ನು ಎತ್ತಿ ಕೊಡುತ್ತಿದ್ದಳು. ಅವನು ಅದರ ಮೇಲಿನ ಹೆಸರು ಓದಿ, ಗೋಡೆಯ ಮೇಲಿನ ಪ್ಲೈವುಡ್ ಮರದಲ್ಲಿ ಅದರ ಕೊಂಬೆ ಹುಡುಕಿ ತೂಗುಹಾಕುತ್ತಿದ್ದ. ತನ್ನದೇ ಹೆಸರಿನ ಬಿಲ್ಲೆ ಕೈಗೆ ಬಂದಾಗ ಅಕ್ಷರಕ್ಕಿಂತ ಮೊದಲು ಅವನ ಗಮನಕ್ಕೆ ಬಂದದ್ದು ಅದರ ತೂಕ. ನಿನ್ನೆ ಸಾಯಂಕಾಲ ಅದು ಇಷ್ಟು ದೊಡ್ಡದಿರಲಿಲ್ಲ. ನಿನ್ನೆ ಅವನ ಹೆಸರು ಈ ಮನೆಗೆ ಬಂದ ಸೊಸೆಯಂದಿರ ಬಿಲ್ಲೆಗಳ ಅಳತೆಯಲ್ಲಿತ್ತು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಕೆಂಪು ದಾರದಲ್ಲಿ ಹೆಂಡತಿ ಜಯಶೀಲಳ ಪಕ್ಕಕ್ಕೆ ಕಟ್ಟಿ ಇಟ್ಟಿದ್ದಳು ಮಗಳು. ಅದನ್ನು ನೋಡಿ ಅವನು ಡೇರಿಗೆ ಹೊರಟುಹೋಗಿದ್ದ. ಊರಿನವರ ಹಾಲು ಅಳೆದು ಹಾಕಿಕೊಳ್ಳುವಾಗ ಉದ್ದಕ್ಕೂ ಹಲ್ಲು ಕಡಿಯುತ್ತಿದ್ದುದು, ರಾತ್ರಿ ದವಡೆ ನೋಯತೊಡಗಿದಾಗಲೇ ಅವನಿಗೆ ಗೊತ್ತಾದದ್ದು.

"ಇದೆಲ್ಲಿಗೆ?" ಮೊಳೆ ಬಾಯಿಂದ ತೆಗೆದು ಕೇಳಿದ.

"ತಾತನ ಕೆಳಕ್ಕಪ್ಪ. ಎಡಗಡೆ ಕೊಂಬೆಗೆ."

"ಅಲ್ಲಿ ನಿಮ್ಮಮ್ಮ ಇದ್ಲಲ್ಲ."

"ಅಮ್ಮ ಬಲಗಡೆ, ನೀನು ಎಡಗಡೆ. ತಾತನೇ ದೊಡ್ಡ ಬಿಲ್ಲೆ ಕೊಯ್ದು ಕೊಟ್ಟು ಹೇಳಿದ್ದು. ಸಿದ್ದೂನ ಸೊಸೇರ ತರ ಪಕ್ಕಕ್ಕೆ ಗಂಟಾಕ್ಬ್ಯಾಡ, ಅವ್ನು ನಂಗೆ ಮಗ ಇದ್ದಂಗೆ, ನನ್ನಿಂದ್ಲೇ ಇಳೀಲಿ ಅಂತ."

ತೂಗುಹಾಕಿದ. ಈ ಮನೆಯಲ್ಲಿ ಅವನ ಕೈಗಳು ಅವನನ್ನು ಕೇಳದೆ ಕೆಲಸ ಮಾಡುವುದನ್ನು ಎಂದೋ ಕಲಿತಿದ್ದವು. ಇಳಿದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಮೇಲೆ ಮಾವ ಚಿಕ್ಕಸ್ವಾಮಿ, ಪಕ್ಕದಲ್ಲಿ ಅತ್ತೆ ಪುಟ್ಟತಾಯಮ್ಮ. ಅವರಿಂದ ಎರಡು ಕೊಂಬೆ: ಒಂದರಲ್ಲಿ ಸಿದ್ದರಾಜು, ಇನ್ನೊಂದರಲ್ಲಿ ಜಯಶೀಲ. ಇಬ್ಬರ ನಡುವಿನಿಂದ ಎರಡು ದಾರದಲ್ಲಿ ಇಳಿದ ತನುಶ್ರೀ. ಹೊರಗಿನಿಂದ ಬಂದವನು ಯಾರಾದರೂ ನೋಡಿದರೆ ಅಣ್ಣ ತಂಗಿ ಸೇರಿ ಒಂದು ಮಗು ಮಾಡಿಕೊಂಡಿದ್ದಾರೆ ಎಂದುಕೊಳ್ಳಬೇಕು. ಮಗಳು ಒಂದು ಕಣ್ಣು ಮುಚ್ಚಿ, ಫೋನನ್ನು ಅಡ್ಡಡ್ಡ ಹಿಡಿದು ಫೋಟೋ ತೆಗೆಯುತ್ತಿದ್ದಳು. ಚೆನ್ನಾಗಿದೆಯಾ ಎಂದು ಕೇಳಿದಳು. ಚೆನ್ನಾಗಿದೆ ಎಂದ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ.

ಮರದ ಯೋಚನೆ ಅವಳದೇ. ಫೋನಿನಲ್ಲಿ ಯಾರದೋ ಮನೆಯ ಗೋಡೆ ನೋಡಿದ್ದಳು. ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಗೆದ್ದಲು ಹತ್ತಿದ ಫೋಟೋಗಳನ್ನು ಬೆಂಚಿನ ಮೇಲೆ ಸಾಲಾಗಿ ಒರಗಿಸುವುದು, ಅವು ಒಂದೊಂದಾಗಿ ಮಕಾಡೆ ಬೀಳುವುದು, ಪುಟ್ಟತಾಯಮ್ಮ ಬೈಯುವುದು ನಡೆಯುತ್ತಿತ್ತು. ಅದರ ಬದಲು ನಡುಮನೆಯ ಗೋಡೆಗೆ ಪ್ಲೈವುಡ್ಡಿನ ಮರ, ಅದಕ್ಕೆ ಮಾವಿನ ಕೊಂಬೆಯ ಬಿಲ್ಲೆಗಳು, ಬಿಲ್ಲೆಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಅದರ ಬುಡದಲ್ಲಿ ಎಡೆ. ಪುಟ್ಟತಾಯಮ್ಮ ಮೊದಲಿಗೆ ಒಪ್ಪಲಿಲ್ಲ. ಬದುಕಿರೋರ್ನ ಸತ್ತೋರ ಜೊತೆ ನೇತಾಕ್ತೀಯೇನೇ ಮುಂಡೆ ಎಂದು ಮೊಮ್ಮಗಳ ತಲೆಗೆ ಮೊಟಕಿದಳು. ಸತ್ತವರ ಬಿಲ್ಲೆಗೆ ಮಾತ್ರ ಕುಂಕುಮ ಇಟ್ಟು ಹೂ ಮುಡಿಸುವುದು, ಇದ್ದವರದು ಬರಿದಾಗಿರುವುದು ಎಂದು ರಾಜಿಯಾಯಿತು. ಈಗ ಮೇಲಿನ ಕೊಂಬೆಗಳಲ್ಲಿ ಮರೀಗೌಡ, ಕಾಳೇಗೌಡ, ತಿಮ್ಮಮ್ಮ ಸೇವಂತಿಗೆ ಮುಡಿದು ತೂಗುತ್ತಿದ್ದರು. ಕೆಳಗೆ ಬದುಕಿದ್ದವರು ಬೋಳಾಗಿ ಹೊಳೆಯುತ್ತಿದ್ದರು.

ಉಳಿದ ಬಿಲ್ಲೆಗಳನ್ನು ಕೊಯ್ದವನು ಸಿದ್ದರಾಜು. ಹಿತ್ತಲಲ್ಲಿ ಮಾವಿನ ಕೊಂಬೆಯನ್ನು ಕಾಲಲ್ಲಿ ಅದುಮಿ ಹಿಡಿದು ಗರಗಸ ಆಡಿಸುವಾಗ ಮಗಳು ಹೇಳಿದ್ದಕ್ಕಿಂತ ಒಂದನ್ನು ಹೆಚ್ಚಿಗೆ ಕೊಯ್ದಿದ್ದ. ಅದಕ್ಕೇ ಹೆಚ್ಚು ಹೊತ್ತು ಉಪ್ಪುಕಾಗದ ತಿಕ್ಕಿದ್ದ. ಯಾಕೆ ಎಂದು ತನಗೇ ಹೇಳಿಕೊಂಡಿರಲಿಲ್ಲ. ಹೇಳಿಕೊಂಡರೆ ಬಾಯಿ ಬಿಟ್ಟು ಕೇಳಬೇಕಾಗುತ್ತಿತ್ತು. ತನುಶ್ರೀ ಹೆಸರು ಬರೆಯುತ್ತ ಕೂತಿದ್ದಾಗ ಆ ಬಿಲ್ಲೆಯನ್ನು ಉಳಿದವುಗಳ ಜೊತೆ ಸೇರಿಸಿಟ್ಟು, ಏನೋ ನೆನಪಾದವನಂತೆ ಕೇಳಿದ್ದ: "ನಾಗಮಂಗಲದ ತಾತನ ಹೆಸ್ರು ಗೊತ್ತಾ ನಿಂಗೆ?"

"ಬೋರಯ್ಯ ತಾತ ಅಲ್ವಾ," ಎಂದಿದ್ದಳು ಕುಂಚದಿಂದ ತಲೆಯೆತ್ತದೆ. "ಅವ್ರದ್ದು ಬೇರೆ ಮರ ಅಲ್ವಾಪ್ಪ. ಶಂಕರ್ ಚಿಕ್ಕಪ್ಪನ ಮನೇಲಿ ಮಾಡ್ಬೇಕು."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾರನೆಯ ದಿನ ನೋಡಿದರೆ ಆ ಹೆಚ್ಚಿನ ಬಿಲ್ಲೆಯ ಮೇಲೆ ಚಿನ್ನು ಎಂದು ಬರೆದು, ಪಕ್ಕದಲ್ಲಿ ಪಂಜದ ಗುರುತು ಬಿಡಿಸಿದ್ದಳು. ಚಿನ್ನು ಬಾಗಿಲಲ್ಲಿ ಮಲಗುವ ನಾಯಿ. ಅದರ ಬಿಲ್ಲೆ ಈಗ ಮರದ ಬುಡದಲ್ಲಿ, ಹಸಿರು ಬಣ್ಣ ಬಳಿದ ಹುಲ್ಲಿನ ಮೇಲೆ ತೂಗುತ್ತಿತ್ತು. ನೋಡಿದವರೆಲ್ಲ ಮೊದಲು ಅದನ್ನೇ ತೋರಿಸಿ ನಗುತ್ತಿದ್ದರು. ಸಿದ್ದರಾಜುವೂ ನಕ್ಕಿದ್ದ. ನಾಯಿಗೆ ಈ ಮನೆಯಲ್ಲಿ ಜಾಗವಿದೆ, ನನ್ನನ್ನು ಹುಟ್ಟಿಸಿದವನಿಗಿಲ್ಲ ಎಂಬ ಮಾತು ಗಂಟಲಿನವರೆಗೆ ಬಂದು, ಎಷ್ಟು ಅಗ್ಗದ ನಾಟಕದ ಮಾತಿದು ಅನ್ನಿಸಿ ನಾಚಿಕೆಯಾಗಿ ಒಳಗೇ ಉಳಿದಿತ್ತು. ನಾಚಿಕೆಯಾದದ್ದಕ್ಕೂ ಸಿಟ್ಟು ಬಂದಿತ್ತು.

ಅಡುಗೆಮನೆಯಲ್ಲಿ ಬಾಡಿನ ಸಾರು ಕುದಿಯುತ್ತಿತ್ತು. ಜಯಶೀಲ ಕಜ್ಜಾಯ ಕರಿಯುತ್ತಿದ್ದಳು, ಹಣೆಯ ಬೆವರು ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು. ಸಿದ್ದರಾಜು ನೀರು ಕುಡಿಯುವ ನೆಪದಲ್ಲಿ ಹೋಗಿ ನಿಂತ.

"ಗೋಡೆ ನೋಡ್ದೇನೆ? ನಾನೀಗ ನಿಂಗೆ ಅಣ್ಣ."

ಅವಳು ನಗಲು ಹೊರಟು, ಅವನ ಮುಖ ನೋಡಿ ನಿಲ್ಲಿಸಿದಳು. "ಒಂದು ಮರದ ಬಿಲ್ಲೆಗೆ ಯಾಕಿಂಗಾಡ್ತೀರಿ? ನಿನ್ನೆ ಸಣ್ಣದಾಯ್ತು ಅಂತ ಮಕ ದಪ್ಪ ಮಾಡ್ಕಂಡ್ರಿ. ಇವತ್ತು ದೊಡ್ಡದು ಮಾಡವ್ರೆ, ಅದ್ಕೂ ಅಂಗೇ."

"ನಾನೇನೂ ಅನ್ಲಿಲ್ವಲ್ಲ."

"ಅದೇ ಮತ್ತೆ. ಇಷ್ಟು ವರ್ಷದಲ್ಲಿ ಏನಂದಿದ್ದೀರಿ? ಅನ್ನಿ ಒಂದ್ಸಲ, ನಾವೂ ಕೇಳ್ತೀವಿ." ಜಾಲರಿಯಿಂದ ಎಣ್ಣೆ ಸೋರಿಸುತ್ತ ದನಿ ತಗ್ಗಿಸಿದಳು. "ನಮ್ಮಪ್ಪ ನಿಮ್ಮನ್ನ ಮೇಲಿಕ್ಕೆ ಮಡುಗ್ದ. ಅದೂ ತಪ್ಪಾ?"

ತಪ್ಪಲ್ಲ. ಅದೇ ಅವನ ಕಷ್ಟ. ಚಿಕ್ಕಸ್ವಾಮಿ ಅವನಿಗೆ ಎಂದೂ ಕೆಟ್ಟ ಮಾತಾಡಿದವನಲ್ಲ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದವನನ್ನು ನಾಗಮಂಗಲದ ಕಡೆಯ ಬಯಲು ಊರಿನಿಂದ ಈ ಶೀಳನೆರೆ ಪಕ್ಕದ ನೀರಿನ ಸೀಮೆಗೆ ಮನೆಯಳಿಯನಾಗಿ ತಂದವನು, ಮೊದಲ ದಿನದಿಂದ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಉಂಡವನು. ಊಟದ ತಟ್ಟೆಯ ಅಂಚಿನಲ್ಲಿ ಚಿಕ್ಕಸ್ವಾಮಿ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತಿತ್ತು, ಲೋಟದ ಮೇಲೆ, ಡೇರಿಗೆ ಒಯ್ಯುವ ಕ್ಯಾನಿನ ಮೇಲೆ ಕೂಡ. ಎಲ್ಲರ ಮನೆಯ ಪಾತ್ರೆಯ ಮೇಲೂ ಯಜಮಾನನ ಹೆಸರಿರುತ್ತದೆ, ಅದರಲ್ಲಿ ವಿಶೇಷವೇನಿಲ್ಲ. ಆದರೂ ಮದುವೆಯಾದ ಹೊಸತರಲ್ಲಿ ತಟ್ಟೆಯ ಕೊನೆಯ ತುತ್ತು ಬಳಿಯುವಾಗ ಬೆರಳಿಗೆ ಆ ಚುಕ್ಕಿಗಳು ತಾಕಿ, ಅವನು ಕೈ ತೆಗೆದುಬಿಡುತ್ತಿದ್ದ. ಈಗ ತಾಕುವುದು ಗೊತ್ತಾಗುವುದಿಲ್ಲ. ಗೊತ್ತಾಗದಂತೆ ಮಾಡಿದ್ದು ಮಾವನ ಒಳ್ಳೆಯತನವೇ. ಬೈದಿದ್ದರೆ, ಹೀಯಾಳಿಸಿದ್ದರೆ, ಒಂದು ದಿನ ಪಾತ್ರೆ ಎತ್ತಿ ಬಿಸಾಡಿ ಬಸ್ಸು ಹತ್ತಬಹುದಿತ್ತು. ಮಗ ಇದ್ದಂಗೆ ಅನ್ನುವವನ ಮೇಲೆ ಏನನ್ನು ಬಿಸಾಡುವುದು? ಅಪ್ಪನ ಹನ್ನೊಂದನೆಯ ದಿನ ಅವನು ತಲೆ ಬೋಳಿಸಿಕೊಳ್ಳಲು ಹೊಂಗೆ ಮರದ ಕೆಳಗೆ ಕೂತಾಗ, ಅವನ ಪಕ್ಕ ಬಂದು ಕೂತು ಮೆತ್ತಗೆ ಹೇಳಿದವನೂ ಈ ಚಿಕ್ಕಸ್ವಾಮಿಯೇ: ನಮ್ಮನೇಲಿ ದೀಪ ಹಚ್ಚೋನು ನೀನು ಕಣಪ್ಪ, ತಲೆ ಕೊಡೋದು ಶಂಕರ ಕೊಡ್ಲಿ. ಶಂಕರ ತಮ್ಮ. ಸಿದ್ದರಾಜು ಹಿರಿಯ ಮಗ. ಕ್ಷೌರದವನು ಕತ್ತಿ ಹಿಡಿದು ಯಾರ ತಲೆ ಎಂದು ಇಬ್ಬರ ಮುಖವನ್ನೂ ನೋಡಿದ. ಅಲ್ಲೇ ಇದ್ದ ಊರಿನ ಮುದುಕನೊಬ್ಬ ಎಲೆಯಡಿಕೆ ಉಗಿದು, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ, ಗಂಡೂ ಅಂಗೇ ಬುಡು," ಎಂದ. ಯಾರೋ ನಕ್ಕರು. ಸಾವಿನ ಮನೆಯ ನಗು, ತಡೆದುಕೊಂಡಷ್ಟೂ ಮೂಗಿನಿಂದ ಹೊರಡುವ ನಗು. ಸಿದ್ದರಾಜು ಎದ್ದು ಶಂಕರನಿಗೆ ಜಾಗ ಬಿಟ್ಟುಕೊಟ್ಟ. ಆಮೇಲೆ ಎಷ್ಟೋ ದಿನ ಕನ್ನಡಿಯ ಮುಂದೆ ನಿಂತು ತಲೆ ಬಾಚುವಾಗ ತನ್ನ ದಟ್ಟ ಕೂದಲು ಕಂಡು ಅವನಿಗೆ ಬಾಚಣಿಗೆಯಿಂದ ನೆತ್ತಿ ಗೀರಿಕೊಳ್ಳಬೇಕೆನ್ನಿಸುತ್ತಿತ್ತು.

"ಬಾವೋ, ಇದೀಯಾ?"

ನಡುಮನೆಯಿಂದ ಚಲುವರಾಜುವಿನ ಕೂಗು. ಚಲುವರಾಜು ಚಿಕ್ಕಸ್ವಾಮಿಯ ತಮ್ಮನ ಮಗ. ಸಿದ್ದರಾಜು ಬರದೇ ಹೋಗಿದ್ದರೆ ಈ ಮನೆಯ ಎಡೆ ಇಡುವುದು ಅವನ ಪಾಲಿಗೆ ಬರುತ್ತಿತ್ತು, ಎಡೆಯ ಹಿಂದೆ ಗದ್ದೆಯೂ ಬರುತ್ತಿತ್ತು. ಅದನ್ನು ಅವನು ಎಂದೂ ಜಗಳವಾಗಿ ಆಡಿದವನಲ್ಲ, ತಮಾಷೆಯಾಗಿ ಮಾತ್ರ ಆಡುತ್ತಿದ್ದ. ಈಗ ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಚಿಕ್ಕಸ್ವಾಮಿ ಕುರ್ಚಿಯಲ್ಲಿ ಕೂತು ಹೊಸ ಪಂಚೆಯ ಮಡಿಕೆ ಬಿಚ್ಚುತ್ತಿದ್ದ.

"ದೊಡ್ಡಪ್ಪ, ನಿಂಗೆ ಗಂಡುಮಗ ಹುಟ್ಟವ್ನೆ, ನಮ್ಗೊಂದು ಮಾತು ಹೇಳ್ಲಿಲ್ಲ, ಸಕ್ಕರೆ ಹಂಚ್ಲಿಲ್ಲ."

"ಹುಟ್ಟಿ ಬಲು ವರ್ಷ ಆಯ್ತು ಕಣ್ಲಾ, ನಿಂಗೆ ಈಗ ಕಾಣ್ತಾ ಅದೆ," ಎಂದ ಚಿಕ್ಕಸ್ವಾಮಿ.

"ಅಂಗಾದ್ರೆ ಇನ್ಮೇಲೆ ನಾನೇನಂತ ಕರೀಲಿ? ಬಾವ ಅನ್ನಂಗಿಲ್ಲ, ಅಣ್ಣ ಆಗೋದ್ನಲ್ಲ. ಏನಣ್ಣಯ್ಯ?" ಸಿದ್ದರಾಜುವಿನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಅಕ್ಕನ್ನ ಅತ್ತಿಗೆ ಅನ್ಬೇಕಾಯ್ತದೆ, ಅದೊಂದು ಕಷ್ಟ."

ಎಲ್ಲರೂ ನಕ್ಕರು. ತನುಶ್ರೀಯ ಮುಖ ಸಣ್ಣಗಾಯಿತು. ಅವಳಿಗೆ ಆಗ ಹೊಳೆದಿರಬೇಕು. ಸಿದ್ದರಾಜು ನಕ್ಕು, "ಏನಾದ್ರೂ ಕರಿ, ಹಾಲಿಗೆ ನೀರು ಬೆರ್ಸಿದ್ರೆ ಮಾತ್ರ ನಾನು ಯಾರ್ಗೂ ಏನೂ ಅಲ್ಲ," ಎಂದ. ಚಲುವರಾಜು ತಲೆ ಕೆರೆದುಕೊಂಡ. ಗೆದ್ದಂತಾಯಿತು. ಆದರೆ ಹಾಗೆ ಗೆಲ್ಲುವ ಮಾತುಗಳನ್ನು ಇಷ್ಟು ವರ್ಷ ಹೆಕ್ಕಿ ಹೆಕ್ಕಿ ಇಟ್ಟುಕೊಂಡು ಬದುಕಿದ್ದರ ಬಗ್ಗೆಯೇ ಅವನಿಗೆ ಹೇಸಿಗೆಯಾಯಿತು. ಊರಲ್ಲಿ ಅವನಿಗೆ ಗೌರವವಿತ್ತು. ಗೌರವವೆಂದರೆ, ಎದುರಿಗೆ ಯಾರೂ ಮನೆಯಳಿಯ ಅನ್ನುತ್ತಿರಲಿಲ್ಲ.

ಮಧ್ಯಾಹ್ನ ಎಡೆಗೆ ಎಲೆ ಹಾಸುವ ಹೊತ್ತಿಗೆ ಬಾಗಿಲಲ್ಲಿ ಚಿನ್ನು ಬೊಗಳಿತು. ಸಿದ್ದರಾಜು ಹೊರಗೆ ಬಂದು ನೋಡಿದರೆ, ಜಗಲಿಯ ಕೆಳಗೆ ಅವ್ವ ನಿಂತಿದ್ದಳು. ಮಾಯಮ್ಮ. ಕಂಕುಳಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ, ಮುಖದ ತುಂಬ ಬಸ್ಸಿನ ಧೂಳು.

"ಈ ನಾಯಿ ಯಾಕ್ಲಾ ನನ್ ಕಂಡ್ರೆ ಅಂಗಾಡ್ತದೆ?" ಎಂದಳು, ಅದೇ ಮೊದಲ ಮಾತು.

"ಏನವ್ವ, ಒಬ್ಳೇ ಬಂದ್ಬುಟ್ಟೆ? ಒಂದು ಫೋನ್ ಮಾಡ್ಬಾರ್ದಾ?"

"ಫೋನ್ ಮಾಡುದ್ರೆ ಬ್ಯಾಡ ಅಂತೀಯ." ಚೀಲವನ್ನು ಕೈಗೆ ಕೊಟ್ಟಳು. "ಮೊನ್ನೆ ನಮ್ಮಲ್ಲಿ ಎಡೆ ಮಡುಗುದ್ವಲ್ಲ. ನೀನು ಬರ್ನಿಲ್ಲ. ಎಡೇಲಿದ್ದ ಕಜ್ಜಾಯ ಹೊರಗ್ನೋರ್ಗೆ ಕೊಡಂಗಿಲ್ಲ, ಒಣಗೋಯ್ತಿತ್ತು. ತಂದೆ. ಕೇಆರ್‌ಪೇಟೆಲಿ ಬಸ್ ಸಿಗ್ದೆ ಕುಂತಿದ್ದೆ."

ಹೋಗಲಿಲ್ಲ. ಹಸು ಈಯುವ ಹಾಗಿತ್ತು, ಡೇರಿಗೆ ಮೇಲಿನವರು ಬರುವವರಿದ್ದರು. ಎರಡೂ ನಿಜ. ಹೋದರೆ, ತಮ್ಮ ಧೂಪ ಹಾಕುವುದನ್ನು ಹಿಂದೆ ನಿಂತು ನೋಡಬೇಕಾಗುತ್ತಿತ್ತು ಎಂಬುದೂ ನಿಜ. ಅವನು ಅವಳ ಕಾಲಿಗೆ ನೀರು ಕೊಟ್ಟ. ಪುಟ್ಟತಾಯಮ್ಮ ಬಂದು, ಬನ್ನಿ ಬೀಗ್ರೆ, ಒಳ್ಳೆ ಹೊತ್ತಿಗೆ ಬಂದ್ರಿ ಎಂದು ಕರೆದಳು. ಚಿಕ್ಕಸ್ವಾಮಿ ಎದ್ದು ನಿಂತು ಕುರ್ಚಿ ತೋರಿಸಿದ. ಮಾಯಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಈ ಮನೆಗೆ ಬಂದಾಗಲೆಲ್ಲ ಅವಳು ಹೀಗೇ ಸಣ್ಣಗಾಗುತ್ತಿದ್ದಳು, ಸೀರೆಯ ಅಂಚನ್ನು ಮೊಣಕಾಲ ಕೆಳಗೆ ಸಿಕ್ಕಿಸಿಕೊಂಡು. ಅಪ್ಪನೂ ಹಾಗೇ, ಒಂದು ಸಲ ಹುರುಳಿಯ ಗಂಟು ಹೊತ್ತು ಬಂದವನು ಜಗಲಿ ದಾಟಿ ಒಳಗೆ ಬಂದಿರಲಿಲ್ಲ. ನನ್ನ ಕಾಲೆಲ್ಲ ಕೆಸರು ಕಣಪ್ಪ ಎಂದಿದ್ದ. ಬೇಸಿಗೆಯಲ್ಲಿ.

ಧೂಪ ಹಾಕುವವನು ಒದ್ದೆ ಪಂಚೆಯಲ್ಲೇ ಕೂರಬೇಕು, ಸಿದ್ದರಾಜು ಪಂಚೆ ತೋಯಿಸಿಕೊಳ್ಳಲು ಹಿತ್ತಲಿಗೆ ಹೊರಟಿದ್ದ. ಮಾಯಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಇದೇನ್ಲಾ, ಬಲು ಸೊಗಸಾಗದೆ?"

"ಮನೆಯೋರ ಹೆಸ್ರು ಕಣವ್ವ. ತನು ಮಾಡವ್ಳೆ."

"ನೀನೆಲ್ಲಿದ್ದೀಯೆ ಇದ್ರಲ್ಲಿ?"

ಅವನು ಬೆರಳು ಮಾಡಿ ತೋರಿಸಿದ. ಅವಳು ಎದ್ದು ಹತ್ತಿರ ಹೋಗಿ, ಆ ಬಿಲ್ಲೆಯ ಬಿಳಿ ಅಕ್ಷರಗಳ ಮೇಲೆ ಉಗುರಾಡಿಸಿದಳು. ಆಮೇಲೆ ಬೆರಳು ದಾರ ಹಿಡಿದು ನಿಧಾನ ಮೇಲೇರಿತು.

"ನಿನ್ನ ಮೇಲಿರೋದು?"

ನಡುಮನೆಯಲ್ಲಿ ಆಗ ಯಾರೂ ಇರಲಿಲ್ಲ. ಚಿಕ್ಕಸ್ವಾಮಿ ಹೊರಗೆ ಕೆಂಡ ತರಿಸಲು ಹೋಗಿದ್ದ, ಹೆಂಗಸರು ಅಡುಗೆಮನೆಯಲ್ಲಿ. ಅವ್ವ ಅವನ ಕಡೆ ತಿರುಗಿ ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಕಣ್ಣಿನ ಪೊರೆ, ಕಿವಿಯ ಹರಿದ ತೂತು. ಇಷ್ಟು ದೂರ ಎರಡು ಬಸ್ಸು ಬದಲಾಯಿಸಿ ಬಂದವಳಿಗೆ ನಿನ್ನ ಗಂಡನ ಜಾಗದಲ್ಲಿ ಮಾವನಿದ್ದಾನೆ ಎಂದು ಹೇಳುವುದು ಹೇಗೆ ಎಂದು ಅವನು ಯೋಚಿಸಲಿಲ್ಲ. ಬಾಯಿ ತಾನೇ ಹೇಳಿತು.

"ಅಪ್ಪ."

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆ ಸಣ್ಣ ಚಲನೆಯನ್ನು ನೋಡಲಾರದೆ ಅವನು ಹಿತ್ತಲಿಗೆ ನಡೆದ. ತಣ್ಣೀರು ಸುರಿದುಕೊಂಡ. ಹೇಳಿದ ಸುಳ್ಳು ಮೈಮೇಲೆ ನೀರಿನಂತೆ ಇಳಿದು ಹೋಗುತ್ತದೆ, ಅವಳು ಸಾಯಂಕಾಲದ ಬಸ್ಸಿಗೆ ಹೊರಡುತ್ತಾಳೆ, ಶಂಕರನಿಗೆ, ಸೊಸೆಗೆ, ಬಾವಿಯ ಹತ್ತಿರ ಸಿಕ್ಕವರಿಗೆ, ನಮ್ಮ ಯಜಮಾನನ ಹೆಸರು ಆ ಮನೆಯ ಗೋಡೆಯ ಮೇಲಿದೆ ಎಂದು ಹೇಳುತ್ತಾಳೆ, ಹೇಳಲಿ ಎಂದುಕೊಂಡ. ಇನ್ನೊಂದು ಚೊಂಬು ಸುರಿದುಕೊಳ್ಳುವಾಗ ಒಳಗಿನಿಂದ ಪುಟ್ಟತಾಯಮ್ಮನ ದನಿ ಕೇಳಿತು. ಅರಚಾಟವಲ್ಲ, ಉಸಿರು ಒಳಗೆಳೆದುಕೊಂಡಂತೆ, ಶಿವ ಶಿವ ಎಂದದ್ದು.

ಒದ್ದೆ ಪಂಚೆಯಲ್ಲೇ ಓಡಿ ಬಂದ. ಎಲ್ಲರೂ ಗೋಡೆಯ ಮುಂದೆ ನಿಂತಿದ್ದರು, ಚಲುವರಾಜು ಕೂಡ. ಚಿಕ್ಕಸ್ವಾಮಿಯ ಬಿಲ್ಲೆಯ ಮೇಲೆ, ದಾರಕ್ಕೆ ಸಿಕ್ಕಿಸಿ, ಒಂದು ಬಾಡಿದ ಸೇವಂತಿಗೆ. ಅವ್ವನ ಚೀಲದಲ್ಲಿದ್ದ ಹೂ, ಅವರ ಮನೆಯ ಎಡೆಯಿಂದ ತಂದದ್ದು. ಬಿಲ್ಲೆಯ ನಡುವೆ ಒದ್ದೆ ಕುಂಕುಮ. ಮಾಯಮ್ಮ ಇನ್ನೂ ಕೈ ಮುಗಿದುಕೊಂಡೇ ಇದ್ದಳು, ಯಾರು ಯಾಕೆ ಹೀಗೆ ನೋಡುತ್ತಿದ್ದಾರೆ ಎಂದು ತಿಳಿಯದೆ.

"ಬದುಕಿರೋರ್ಗೆ ಹೂ ಮಡುಗ್ತಾರೇನಮ್ಮ?" ಪುಟ್ಟತಾಯಮ್ಮನ ಕೈ ತಾಳಿಯ ಮೇಲಿತ್ತು. "ಅಮಾಸೆ ದಿನ, ಎಡೆ ಮುಂದೆ. ನನ್ನ ಗಂಡ ಕಣ್ಣ ಮುಂದೆ ನಿಂತವ್ನಲ್ಲೇ ತಾಯಿ."

"ಅವ್ರದ್ದಾ?" ಎಂದಳು ಮಾಯಮ್ಮ. "ಸಿದ್ದ ಹೇಳ್ದ... ಇದು..." ಗಂಡನ ಹೆಸರನ್ನು ಅವಳು ಆ ಹೊತ್ತಿನಲ್ಲೂ ಹೇಳಲಾರದೆ ನಿಂತಳು. ಮಗನನ್ನು ನೋಡಿದಳು. ಅವನ ಪಂಚೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ಬಾಯಿ ತೆರೆದ. ತಪ್ಪು ಅವ್ವನದಲ್ಲ, ನಾನು ಸುಳ್ಳು ಹೇಳಿದೆ ಅನ್ನಬೇಕು. ಸುಳ್ಳು ಯಾಕೆ ಹೇಳಬೇಕಾಯಿತು ಎಂಬುದನ್ನೂ ಅನ್ನಬೇಕು. ಅದಕ್ಕೆ ಮೊದಲೇ ಚಿಕ್ಕಸ್ವಾಮಿ ಮುಂದೆ ಬಂದು ತನ್ನ ಬಿಲ್ಲೆಯ ಮೇಲಿನ ಹೂವನ್ನು ತಾನೇ ಎತ್ತಿಕೊಂಡ. ಮೂಸಿ ನೋಡಿದ. ಕಿವಿಗೆ ಸಿಕ್ಕಿಸಿಕೊಂಡ.

"ಇರ್ಲಿ ಬುಡೇ ಪುಟ್ಟತಾಯಿ. ಬೀಗ್ರು ಮುಂಗಡ ಕೊಟ್ಟವ್ರೆ. ನಾನು ಹೋದಾಗ ಒಂದು ಹೂವ ಕಮ್ಮಿ ತಂದ್ರೆ ಆಯ್ತದೆ."

ಚಲುವರಾಜು ಮೊದಲು ನಕ್ಕ. ಆಮೇಲೆ ಜಯಶೀಲ, ತನುಶ್ರೀ. ಪುಟ್ಟತಾಯಮ್ಮನೂ ಬೈಯುತ್ತ ಬೈಯುತ್ತ ಸೆರಗಿನಿಂದ ಕುಂಕುಮ ಒರೆಸಿ ನಕ್ಕಳು. ಮನೆ ಹಗುರಾಯಿತು. ಮಾಯಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ನಗಬೇಕಾದ ಹೊತ್ತು ಇದು ಎಂದು ತಿಳಿದು, ಬಾಯಿಗೆ ಸೆರಗು ಹಿಡಿದು ತಾನೂ ನಕ್ಕಳು. ಮಗನ ಕಡೆ ಮಾತ್ರ ತಿರುಗಲಿಲ್ಲ. ಮೂಲೆಗೆ ಸರಿದು, ಹೂ ಮುಟ್ಟಿದ ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು, ಎರಡೆರಡು ಸಲ. ಸಿದ್ದರಾಜು ಅದನ್ನು ನೋಡಿದ. ಇವನು ಬೈಯಬೇಕಾಗಿತ್ತು ಎಂದು ಮಾವನನ್ನು ನೋಡುತ್ತ ಅಂದುಕೊಂಡ. ಹೂವನ್ನು ಕಿತ್ತು ನೆಲಕ್ಕೆ ಹಾಕಬೇಕಾಗಿತ್ತು. ಹಾಗೆ ಮಾಡಿದ್ದರೆ ಈ ಮನೆಯಲ್ಲಿ ಇವತ್ತು ಒಂದು ನಿಜದ ಮಾತು ಹುಟ್ಟುತ್ತಿತ್ತು. ನಗಿಸಿ, ಕ್ಷಮಿಸಿ, ಅವ್ವನನ್ನು ಮೂಲೆಗೆ ಸರಿಸಿ, ಕಿವಿಯಲ್ಲಿ ಹೂವಿಟ್ಟುಕೊಂಡು ನಿಂತಿದ್ದಾನೆ. ಜಯಶೀಲ, ಬೇಗ ಮುಗಿಸಿ, ಒದ್ದೇಲಿ ಎಷ್ಟೊತ್ತು ನಿಂತ್ಕತೀರಿ ಎಂದಳು.

"ಕುಂತ್ಕೊ ಸಿದ್ದು," ಎಂದ ಚಿಕ್ಕಸ್ವಾಮಿ. "ಧೂಪ ಹಾಕು."

ಎಡೆಯ ಮುಂದೆ ಕೂತ. ಬಾಳೆಯೆಲೆಗಳ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ಕಾಳೇಗೌಡನ ಪಾಲಿಗೆ ಒಂದು ಕಟ್ಟು ಬೀಡಿ. ಕೆಂಡದ ಮೇಲೆ ಸಾಂಬ್ರಾಣಿ ಚೆಲ್ಲಿದ. ಹೊಗೆ ಗೋಡೆಯ ಮರವನ್ನು ಹತ್ತತೊಡಗಿತು. ಇನ್ನು ಹೆಸರು ಹಿಡಿದು ಕರೆಯಬೇಕು. ಮೊದಲ ವರ್ಷ ಮಾವ ಹಿಂದೆ ನಿಂತು ಒಂದೊಂದೇ ಹೆಸರು ಹೇಳಿಕೊಟ್ಟಿದ್ದ. ಈಗ ಯಾರೂ ಹೇಳಿಕೊಡಬೇಕಿಲ್ಲ. ಈ ಮನೆಯ ಸತ್ತವರೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದರು. ಅವರಲ್ಲಿ ಯಾರಿಗೆ ಖಾರ ಆಗದು, ಯಾರಿಗೆ ಬೀಡಿ ಬೇಕು ಎಂಬುದು ಸಹಿತ. ತನ್ನ ತಾತನ ಅಪ್ಪನ ಹೆಸರು ಏನು ಎಂದು ಒಂದು ಕ್ಷಣ ಯೋಚಿಸಿದ. ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಹೊಗೆಗೆ ಕಣ್ಣುರಿದು ನೀರು ಬಂತು. ಹಿಂದೆ ಎಲ್ಲರೂ ಕೈ ಮುಗಿದು ನಿಂತಿದ್ದರು. ಮೂಲೆಯಲ್ಲಿ ಅವ್ವ ಸಣ್ಣಗೆ ಕೆಮ್ಮಿದಳು.

"ಬೋರಯ್ಯ," ಎಂದ.

ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಮತ್ತೆ ಕೂಗಿದ. "ಅಪ್ಪ, ಬೋರಯ್ಯ, ಒಳಿಕ್ ಬಾ. ಬಂದು ಉಣ್ಣು."

ಯಾರ ಬಳೆಯೋ ಸದ್ದಾಯಿತು. ಸಿದ್ದರಾಜು ಉಳಿದವರನ್ನೂ ಕರೆದ, ಮರೀಗೌಡನನ್ನು, ಕಾಳೇಗೌಡನನ್ನು, ತಿಮ್ಮಮ್ಮನನ್ನು, ಒಬ್ಬರನ್ನೂ ಬಿಡದೆ. ಅಡ್ಡಬಿದ್ದು ಎದ್ದ. ಸತ್ತವರು ಉಣ್ಣುವಾಗ ಬದುಕಿರುವವರು ನೋಡಬಾರದು. ಎಲ್ಲರೂ ಹೊರಗೆ ಬಂದರು. ಅವನು ಕೊನೆಯಲ್ಲಿ ಬಂದು ಬಾಗಿಲೆಳೆದು ಚಿಲಕ ಹಾಕಿದ.

ಜಗಲಿಯ ಮೇಲೆ ಬಿಸಿಲಿತ್ತು. ಕೆಳಗೆ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರು ಹೋಗುವವರೆಗೆ ಎಲ್ಲರೂ ಅದನ್ನೇ ನೋಡಿದರು. ಅದು ಹೋದ ಮೇಲೆ ನೋಡಲು ಏನೂ ಉಳಿಯಲಿಲ್ಲ.

"ಬ್ಯಾರೆ ಮನೆಯೋರ್ನ ಎಡೆಗೆ ಕರೀತಾರಾ?" ಎಂದಳು ಪುಟ್ಟತಾಯಮ್ಮ ಗಂಡನಿಗೆ, ಸಿದ್ದರಾಜುವಿಗೆ ಕೇಳುವಂತೆ. "ನಮ್ಮೋರು ಎದ್ದು ಹೊಂಟೋದ್ರೆ ಯಾರು ದಿಕ್ಕು?"

ಚಿಕ್ಕಸ್ವಾಮಿ ಈ ಸಲ ತಮಾಷೆ ಮಾಡಲಿಲ್ಲ. ಕಿವಿಯಲ್ಲಿದ್ದ ಹೂ ತೆಗೆದು ಅಂಗೈಯಲ್ಲಿಟ್ಟುಕೊಂಡಿದ್ದ. "ನನ್ನ ಒಂದು ಮಾತು ಕೇಳ್ಬೌದಾಗಿತ್ತು ಸಿದ್ರಾಜು," ಎಂದ. ಅಷ್ಟು ವರ್ಷಗಳಲ್ಲಿ ಅವನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಕೇಳಿದ್ರೆ ಏನಂತಿದ್ರಿ ಮಾವ?"

ಚಲುವರಾಜು ಏನೋ ಹೇಳಲು ಬಾಯಿ ತೆರೆದು, ಯಾರ ಮುಖವನ್ನು ನೋಡಿ ಹೇಳಬೇಕೆಂದು ತಿಳಿಯದೆ ಮುಚ್ಚಿಕೊಂಡ. ಜಯಶೀಲ ಗಂಡನನ್ನೇ ನೋಡುತ್ತಿದ್ದಳು, ಹೊಸಬನನ್ನು ನೋಡಿದಂತೆ. ತನುಶ್ರೀ ಹೋಗಿ ಮಾಯಮ್ಮನ ಪಕ್ಕ ಕೂತಳು. ಮಾಯಮ್ಮ ಮುಚ್ಚಿದ ಬಾಗಿಲಿನ ಕಡೆಗೆ ಕಿವಿಗೊಟ್ಟಿದ್ದಳು, ಒಳಗಿನ ಸದ್ದನ್ನು ಗುರುತು ಹಿಡಿಯುವವಳಂತೆ.

ವಾಡಿಕೆಯ ಹೊತ್ತು ಮುಗಿಯಿತು. ಬಾಗಿಲು ಬಡಿದು, ತಡೆದು, ಆಮೇಲೆ ತೆಗೆಯುವುದು ಧೂಪ ಹಾಕಿದವನ ಕೆಲಸ. ಬೇರೆ ಯಾರೂ ಮುಟ್ಟುವಂತಿಲ್ಲ. ಸಿದ್ದರಾಜು ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದ. ಒದ್ದೆ ಪಂಚೆ ಮೈಮೇಲೆಯೇ ಒಣಗುತ್ತಿತ್ತು.

"ಆಯ್ತಲ್ಲ, ತೆಗಿ," ಎಂದಳು ಪುಟ್ಟತಾಯಮ್ಮ. "ಎಲ್ರೂ ಹಸ್ಕೊಂಡವ್ರೆ."

"ತಡೀರಿ ಅತ್ತೆ," ಎಂದ ಅವನು, ಚಿಲಕದಿಂದ ಕೈ ತೆಗೆಯದೆ. "ನಮ್ಮಪ್ಪ ಉಣ್ಣೋದು ನಿಧಾನ."